ಅಪ್‌ಡೇಟ್: ಸಾವಿನ ಮುಂದಿನ ನಗು, ಪ್ಯಾರಿಸ್ಸಿನಲ್ಲಿ ಮತ್ತು ಶಿಶುನಾಳದಲ್ಲಿ

ಸಾವನ್ನು ಕುರಿತು ಫ್ರೆಂಚ್ ಸರ್ರಿಯಲಿಸ್ಟ್ (ಕನಸು, ಸುಪ್ತಮನಸ್ಸುಗಳನ್ನು ನೆಚ್ಚಿದ) ಕವಿಗಳಲ್ಲಿರುವ ಕರಾಳ ಹಾಸ್ಯವನ್ನೂ ಶಿಶುನಾಳ ಶರೀಫರ ತತ್ವಪದಗಳ ವಿನೋದವನ್ನೂ ಒಂದೇ ಪ್ರಬಂಧದಲ್ಲಿ ಜೊತೆಗಿಟ್ಟು ನೋಡಬಹುದೇ ಎಂದು ಹಿಂದೆ ಕೇಳಿದ್ದೆ. ಎರಡಕ್ಕೂ ಸಂಬಂಧವೇ ಇಲ್ಲವೆಂದು ಹಲವರು ಎಚ್ಚರಿಸಿದ್ದರು. ಆ ಮಾತು ಅರ್ಧ ನಿಜವೆಂದು ಈಗ ಅನಿಸುತ್ತಿದೆ.

1924ರ ಸರ್ರಿಯಲಿಸ್ಟ್ ಪ್ರಣಾಳಿಕೆಯಲ್ಲಿ ಆ ಪಂಥದ ಮುಂದಾಳು ಆಂದ್ರೆ ಬ್ರೆತೋನ್ ತನ್ನನ್ನು ಮನೆ ಸಾಮಾನು ಸಾಗಿಸುವ ಗಾಡಿಯಲ್ಲಿ ಸ್ಮಶಾನಕ್ಕೆ ಒಯ್ಯಬೇಕೆಂದು ಕೇಳಿಕೊಳ್ಳುತ್ತಾನೆ. ಕಪಾಟು, ಮಂಚಗಳ ಸಾಲಿಗೆ ಹೆಣವನ್ನೂ ಸೇರಿಸುವ ಈ ನಗುವಿನಲ್ಲಿ ಪ್ರತಿಭಟನೆಯಿದೆ. ಅವನು ಸಂಪಾದಿಸಿದ ಕರಾಳ ಹಾಸ್ಯದ ಸಂಕಲನ 1940ರಲ್ಲಿ ಅಚ್ಚಾದಾಗ ಎರಡನೇ ಮಹಾಯುದ್ಧದಲ್ಲಿ ನಾಜಿ ಜರ್ಮನಿಯೊಡನೆ ಕೈಜೋಡಿಸಿದ ಫ್ರಾನ್ಸಿನ ವಿಶಿ ಸರಕಾರದ ಸೆನ್ಸಾರ್ ಅದನ್ನು ತಡೆದದ್ದು ಆಶ್ಚರ್ಯವಲ್ಲ.

ಶರೀಫರದು (1819–1889) ಬೇರೆ ದಾರಿಯೆಂಬುದು ನನಗೆ ಪುಸ್ತಕದಿಂದ ತಿಳಿಯಲಿಲ್ಲ. ಕಳೆದ ತಿಂಗಳು ಹಾವೇರಿ ಬಳಿಯ ನಮ್ಮೂರಿನಲ್ಲಿ ಪಕ್ಕದ ಮನೆಯ ಅಜ್ಜ ತೀರಿಕೊಂಡಾಗ, ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸಿದ್ದ ದೇಹದ ಮುಂದೆ ರಾತ್ರಿಯಿಡೀ ಭಜನೆ ನಡೆಯಿತು. ದಮ್ಮಡಿ ಬಾರಿಸುತ್ತಿದ್ದ ಹಿರಿಯರು ಕೋಡಗನನ್ನು ಕೋಳಿ ನುಂಗುವ ಪದವನ್ನು ಎತ್ತಿಕೊಂಡಾಗ, ಆಡು ಆನೆಯನ್ನು ನುಂಗುವಲ್ಲಿ ಹುಡುಗರು ನಕ್ಕರು, ಯಾರೂ ಗದರಲಿಲ್ಲ. ಕೊನೆಗೆ ಗುರುವಿನ ಪಾದ ಹಾಡುವವನನ್ನೇ ನುಂಗಿದಾಗ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು, ಅದೇ ಹುಡುಗರು ಸುಮ್ಮನಾದರು.

ನನ್ನ ಮಟ್ಟಿಗೆ ಅಲ್ಲಿ ಅಳಿಯುವುದು ದೇಹಕ್ಕಿಂತ ಹೆಚ್ಚಾಗಿ ‘ನಾನು’. ಬ್ರೆತೋನನ ಗಾಡಿಯಲ್ಲಿ ಆ ‘ನಾನು’ ಕೊನೆಯವರೆಗೂ ಹಟ ಹಿಡಿದು ಕುಳಿತಿರುತ್ತದೆ. ಆದ್ದರಿಂದ ಒಂದು ಇನ್ನೊಂದರ ಮೇಲೆ ಪ್ರಭಾವ ಬೀರಿತೇ ಎಂಬ ಮಾತನ್ನು ಕೈಬಿಟ್ಟು, ಈ ಎರಡು ಚಿತ್ರಗಳನ್ನಷ್ಟೇ ಎದುರುಬದುರು ಇಟ್ಟು ಪ್ರಬಂಧವನ್ನು ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ.