ಚೆಕ್‌ಡಿಸ್ಕ್ ಮುಗಿದಿದೆ, ರಿಸಲ್ಟ್ ಎಲ್ಲಿ ನೋಡೋದು?

ಡಿಟಿಪಿ ಅಂಗಡಿ, ಕುಮಟಾ

ನಮಸ್ಕಾರ. ಅಂಗಡಿಯಲ್ಲಿ ವಿಂಡೋಸ್ 10 ಇರುವ ಹಳೇ ಡೆಸ್ಕ್‌ಟಾಪ್, 1 ಟಿಬಿ ಹಾರ್ಡ್ ಡಿಸ್ಕ್. ಲಗ್ನಪತ್ರಿಕೆ, ಬಿಲ್ ಬುಕ್, ಎಲ್ಲ ಡಿಸೈನೂ ಇದರಲ್ಲೇ ಇದೆ. ಈಚೆಗೆ ಕೆಲವು ಫೈಲ್ ತೆರೆದರೆ ಕಂಪ್ಯೂಟರ್ ಅಲ್ಲೇ ನಿಂತುಬಿಡುತ್ತೆ, ಮೌಸ್ ಮಾತ್ರ ಓಡಾಡುತ್ತೆ. ಡಿಸ್ಕಿನ ತಪ್ಪು ಹುಡುಕೋ ವಿಂಡೋಸ್ ಕಮಾಂಡ್ ಚೆಕ್‌ಡಿಸ್ಕ್ ಇದೆಯಲ್ಲ, ಕೆಟ್ಟ ಜಾಗವನ್ನೂ ಹುಡುಕಲಿ ಅಂತ ಸ್ಲ್ಯಾಶ್ ಆರ್ ಸೇರಿಸಿ ಅದನ್ನು ಸಿ ಡ್ರೈವಿಗೆ ಕೊಟ್ಟೆ. ಡ್ರೈವ್ ಬಳಕೆಯಲ್ಲಿದೆ, ರೀಸ್ಟಾರ್ಟ್ ಆದಾಗ ಮಾಡಲಾ ಅಂತ ಕೇಳಿತು. ವೈ ಒತ್ತಿ, ರೀಸ್ಟಾರ್ಟ್ ಮಾಡಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಮಾಮೂಲಿ ಲಾಗಿನ್ ಸ್ಕ್ರೀನ್. ಏನು ಸಿಕ್ಕಿತು, ಏನು ಸರಿಯಾಯಿತು, ಒಂದೂ ಗೊತ್ತಾಗ್ತಿಲ್ಲ.

ಸುಮ್ನೆ ಬಂದೆ

ಫಾರ್ಮ್ಯಾಟ್ ಹೊಡೀರಿ ಬಾಸ್, ಎಲ್ಲ ಸರಿಹೋಗುತ್ತೆ.

ರಿಪೇರಿ ಟೇಬಲ್, ಹುಬ್ಬಳ್ಳಿ

ಫಾರ್ಮ್ಯಾಟ್ ಮಾತು ಸದ್ಯಕ್ಕೆ ಬೇಡ. ಮೊದಲು ಡಿಸೈನ್ ಫೋಲ್ಡರ್ ಬೇರೆ ಡ್ರೈವಿಗೆ ಕಾಪಿ ಮಾಡಿ. ನಿಜ ಹೇಳಬೇಕಂದ್ರೆ ಸ್ಲ್ಯಾಶ್ ಆರ್ ಕೊಡೋಕೆ ಮುಂಚೆಯೇ ಮಾಡಬೇಕಿತ್ತು. ಸಾಯುತ್ತಿರುವ ಡಿಸ್ಕನ್ನು ಅದು ಮೂಲೆ ಮೂಲೆ ಓದಿಸುತ್ತೆ, ಸುಸ್ತಾದ ಡಿಸ್ಕ್ ಅಲ್ಲೇ ಕೈಕೊಡಬಹುದು.

ರಿಸಲ್ಟ್ ಎಲ್ಲೂ ಹೋಗಿಲ್ಲ. ವಿಂಡೋಸಿನ ದಾಖಲೆ ತೋರಿಸೋ ಇವೆಂಟ್ ವ್ಯೂವರ್ ತೆರೆಯಿರಿ, ವಿಂಡೋಸ್ ಲಾಗ್ಸ್, ಅದರಲ್ಲಿ ಅಪ್ಲಿಕೇಶನ್. ಬಲಗಡೆ ಫಿಲ್ಟರ್ ಅಂತಿದೆ, ಅಲ್ಲಿ ಸೋರ್ಸ್ ವಿನ್‌ಇನಿಟ್ ಆರಿಸಿ, ರೀಸ್ಟಾರ್ಟಿನಲ್ಲಿ ಓಡಿದ ಚೆಕ್‌ಡಿಸ್ಕ್ ರಿಸಲ್ಟ್ ಆ ಹೆಸರಲ್ಲಿರುತ್ತೆ. ಐಡಿ 1001. ಬರೀ ನಂಬರ್ ಹಾಕಿ ಹುಡುಕಬೇಡಿ, ಪ್ರೋಗ್ರಾಂ ಕ್ರ್ಯಾಶ್ ಆದ ರಿಪೋರ್ಟುಗಳಿಗೂ ಇದೇ 1001, ರಾಶಿ ಬಂದು ಬೀಳುತ್ತೆ. ವಿಂಡೋಸ್ ಒಳಗಿಂದಲೇ ಬೇರೆ ಡ್ರೈವ್ ಚೆಕ್ ಮಾಡಿದ್ದಾದರೆ ಸೋರ್ಸ್ ಚೆಕ್‌ಡಿಸ್ಕ್ ಅಂತಲೇ ಇರುತ್ತೆ.

ಆಮೇಲೆ ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂ ಹಾಕಿ 05, ಸಿ5, ಸಿ6, ಸಿ7 ಸಾಲುಗಳ ರಾ ವ್ಯಾಲ್ಯೂ ಹೇಳಿ.

ಡಿಟಿಪಿ ಅಂಗಡಿ, ಕುಮಟಾ

ಕಾಪಿ ಆಯ್ತು ಸರ್, ಒಂದೆರಡು ಫೈಲ್ ಬಿಟ್ಟು. ಲಾಗ್ ಸಿಕ್ಕಿತು. ನಾಲ್ಕನೇ ಸ್ಟೇಜಿನಲ್ಲಿ ‘ರಿಪ್ಲೇಸ್ಡ್ ಬ್ಯಾಡ್ ಕ್ಲಸ್ಟರ್ಸ್ ಇನ್ ಫೈಲ್’ ಅಂತ ಬಂದು, ಮುಂದೆ ನನ್ನದೇ ಒಂದು ಲಗ್ನಪತ್ರಿಕೆ ಫೈಲಿನ ಹೆಸರಿದೆ! ಕೊನೆಯಲ್ಲಿ ‘12 ಕೆಬಿ ಇನ್ ಬ್ಯಾಡ್ ಸೆಕ್ಟರ್ಸ್’. ಕ್ರಿಸ್ಟಲ್‌ನಲ್ಲಿ ಹಳದಿ ಬಣ್ಣ, ಕಾಷನ್. 05 ಸೊನ್ನೆ. ಸಿ5, ಸಿ6 ಎರಡರಲ್ಲೂ ಕೊನೆಗೆ 18. ಸಿ7 ಸೊನ್ನೆ.

ರಿಪೇರಿ ಟೇಬಲ್, ಹುಬ್ಬಳ್ಳಿ

ಸಿ7 ಅಂದ್ರೆ ಕೇಬಲಿನಲ್ಲಿ ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ, ಅದು ಸೊನ್ನೆ ಅಂದ್ರೆ ಕೇಬಲ್ ಮೇಲೆ ಅನುಮಾನ ಬೇಡ. ಅದೊಂದೇ ಏರಿದ್ದರೆ ಸಾಟಾ ಕೇಬಲ್ ಬದಲಿಸಿ ನೋಡಿ ಅಂತಿದ್ದೆ.

18 ಅನ್ನೋದು ಹೆಕ್ಸ್, ಅಂದ್ರೆ ಹದಿನಾರರ ಲೆಕ್ಕ. ನಮ್ಮ ಲೆಕ್ಕದಲ್ಲಿ 24. ಒಂದು ಸೆಕ್ಟರಿಗೆ, ಅಂದ್ರೆ ಡಿಸ್ಕಿನ ಒಂದು ಚಿಕ್ಕ ತುಂಡಿಗೆ, 512 ಬೈಟ್, 24 ಸೆಕ್ಟರಿಗೆ ಸರಿಯಾಗಿ 12 ಕೆಬಿ. ಎರಡು ಕಡೆಯ ಲೆಕ್ಕವೂ ಕೂಡಿತು ನೋಡಿ. ಯಾವಾಗಲೂ ಹೀಗೆ ಕೂಡಲ್ಲ, ಕೂಡಿದರೆ ಮಾತ್ರ ಅನುಮಾನಕ್ಕೆ ಜಾಗ ಇಲ್ಲ.

ಸಿ5 ಅಂದ್ರೆ ಡಿಸ್ಕಿಗೆ ಓದಲಾಗದೆ ಪೆಂಡಿಂಗ್ ಇಟ್ಟ ಸೆಕ್ಟರ್. ಸಿ6 ಅಂದ್ರೆ ಅದರ ಕೈಲಿ ಸರಿಪಡಿಸಲಾಗದ್ದು. 05 ಅಂದ್ರೆ ಕೆಟ್ಟ ಜಾಗಕ್ಕೆ ಬದಲಿ ಕೊಟ್ಟದ್ದು. ಚೆಕ್‌ಡಿಸ್ಕ್ ಆ ಜಾಗವನ್ನು ದುರಸ್ತಿ ಮಾಡಿಲ್ಲ, ‘ಇಲ್ಲಿ ಏನೂ ಇಡಬೇಡಿ’ ಅಂತ ಬೋರ್ಡ್ ನೆಟ್ಟಿದೆ ಅಷ್ಟೇ. ಲಾಗ್‌ನಲ್ಲಿ ಹೆಸರು ಬಂದ ಫೈಲಿನ ಅಷ್ಟು ಭಾಗ ಹೋಯಿತು, ಗಿರಾಕಿಗೆ ಮೇಲ್ ಮಾಡಿದ ಪ್ರತಿ ಇದ್ದರೆ ಅಲ್ಲಿಂದ ಇಳಿಸಿಕೊಳ್ಳಿ.

ಇದೇ ಲಾಗ್ ‘ಫೌಂಡ್ ನೋ ಪ್ರಾಬ್ಲಮ್ಸ್’ ಅಂದಿದ್ದರೂ ನಾನು ಸ್ಮಾರ್ಟ್, ಅಂದ್ರೆ ಕ್ರಿಸ್ಟಲ್ ತೋರಿಸೋ ಡಿಸ್ಕಿನ ಆರೋಗ್ಯದ ಲೆಕ್ಕ, ನೋಡದೆ ಬಿಡ್ತಿರಲಿಲ್ಲ. ಆ ಸಾಲು ಫೈಲ್ ಸಿಸ್ಟಮ್ (ಫೈಲುಗಳನ್ನು ಜೋಡಿಸಿಟ್ಟ ವ್ಯವಸ್ಥೆ) ಬಗ್ಗೆ ಹೇಳುತ್ತೆ, ಡಿಸ್ಕಿನ ಆಯಸ್ಸಿನ ಬಗ್ಗೆ ಅಲ್ಲ. ಹೊಸ ಡಿಸ್ಕ್ ತಗೊಳ್ಳಿ. ದುಡಿಯೋ ಮಷಿನ್‌ನಲ್ಲಿ ಇದನ್ನು ಇಟ್ಟುಕೊಳ್ಳಬೇಡಿ.

ಡಿಟಿಪಿ ಅಂಗಡಿ, ಕುಮಟಾ

ಎಸ್‌ಎಸ್‌ಡಿ ತಂದು ಹಳೇ ಡಿಸ್ಕನ್ನು ಇದ್ದ ಹಾಗೇ ಅದಕ್ಕೆ ಕ್ಲೋನ್ ಮಾಡಿದೆ ಸರ್. ಈಗ ಚೆಕ್‌ಡಿಸ್ಕ್ ಹಾಕಿದರೆ ಹೊಸದರಲ್ಲೂ 12 ಕೆಬಿ ಬ್ಯಾಡ್ ತೋರಿಸ್ತಿದೆ! ಅಂಗಡಿಯವನು ಮೋಸ ಮಾಡಿದನಾ?

ರಿಪೇರಿ ಟೇಬಲ್, ಹುಬ್ಬಳ್ಳಿ

ಪಾಪ, ಅವನ ತಪ್ಪಿಲ್ಲ ಬಿಡ್ರಿ. ಹಳೇ ಡಿಸ್ಕಿನ ಬೋರ್ಡುಗಳೂ ಕ್ಲೋನ್ ಜೊತೆ ಬಂದಿವೆ, ಕೆಟ್ಟ ಕ್ಲಸ್ಟರಿನ (ಸೆಕ್ಟರುಗಳ ಗುಂಪಿನ) ಪಟ್ಟಿಯನ್ನು ವಿಂಡೋಸಿನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ತನ್ನೊಳಗೇ ಬರೆದಿಟ್ಟಿರುತ್ತೆ. ಈ ಸಲ ಸ್ಲ್ಯಾಶ್ ಆರ್ ಬದಲು ಸ್ಲ್ಯಾಶ್ ಬಿ ಕೊಡಿ, ಪಟ್ಟಿಯಲ್ಲಿರೋದನ್ನೆಲ್ಲ ಮತ್ತೆ ಪರೀಕ್ಷೆ ಮಾಡಿ ಚೆನ್ನಾಗಿದ್ದರೆ ತೆಗೆದುಹಾಕುತ್ತೆ. ಯುಪಿಎಸ್ ಮೇಲೆ ಇಟ್ಟು ಓಡಿಸಿ, ಮಧ್ಯೆ ಕರೆಂಟ್ ಹೋಗಬಾರದು. ಮುಗಿದ ಮೇಲೆ ಮತ್ತೆ ವಿನ್‌ಇನಿಟ್ 1001 ನೋಡಿ, ಸೊನ್ನೆ ಬಂದಿರಬೇಕು.