ಡಬ್ಬಿಯೊಳಗೆ ಮಲಗಿದ್ದ ವಾಸುಕಿ

ಸೀನ ಬಂದವನೇ ಶುರು ಹಚ್ಕೊಂಡ, "ಲೋ, ಕಚ್ಛ್‌ನಲ್ಲಿ ಹಾವು ಸಿಕ್ಕಿದೆಯಂತೆ ಕಣ್ರೋ, 15 ಮೀಟರ್ ಉದ್ದ!"

ನಮ್ಮ ನಾಗನಿಗೆ ಹಾವು ಇರೋದು ಹೆಸರಲ್ಲಿ ಮಾತ್ರ, ಟೀವಿಲಿ ಬಂದ್ರೂ ಕಾಲು ಸೋಫಾ ಮೇಲೆ ಎತ್ಕೊಳ್ಳೋ ಗಿರಾಕಿ. "ಹಿಡಿದ್ರಾ?" ಅಂದ.

"ಹಿಡಿಯೋಕೆ 4.7 ಕೋಟಿ ವರ್ಷ ಲೇಟಾಯ್ತು."

ವಿಷ್ಯ ಏನಪ್ಪಾ ಅಂದ್ರೆ, 2005ರಲ್ಲಿ ಪನಂಧ್ರೋ ಲಿಗ್ನೈಟ್ ಗಣೀಲಿ, ಅಂದ್ರೆ ಕಂದು ಕಲ್ಲಿದ್ದಲು ತೆಗೆಯೋ ಕಡೆ, ಬೆನ್ನುಮೂಳೆ ತುಂಡುಗಳು ಸಿಕ್ವು, ಮೊಸಳೇದಿರ್ಬೇಕು ಅಂತ ಎತ್ತಿಟ್ರು, ವರ್ಷಗಟ್ಲೆ ಆದ್ಮೇಲೆ ಐಐಟಿ ರೂರ್ಕಿಯ ಸುನಿಲ್ ಬಾಜಪೇಯಿ, ದೇಬಜಿತ್ ದತ್ತಾ ಇಬ್ರೂ ಸರಿಯಾಗಿ ಕ್ಲೀನ್ ಮಾಡಿ ನೋಡಿದ್ರೆ ಹಾವು! 2024ರಲ್ಲಿ ವಾಸುಕಿ ಇಂಡಿಕಸ್ ಅಂತ ಹೆಸರಿಟ್ರು.

ರಘು ಸುಮ್ನಿರ್ತಾನಾ? "ತಲೆ ಸಿಕ್ತಾ?"

"ಇಲ್ಲ."

"ಬಾಲ?"

"ಇಲ್ಲ ಮಾರಾಯ, 27 ಬೆನ್ನುಮೂಳೆ ಅಷ್ಟೇ."

"ಮತ್ತೆ ಟೇಪ್ ಹಿಡಿದೋರು ಯಾರು?"

ಮೂಳೆ ಅಗಲ ನೋಡಿ, ಈಗಿನ ಹಾವುಗಳ ಲೆಕ್ಕಕ್ಕೆ ಹೋಲಿಸಿ ಅಂದಾಜು ಮಾಡ್ತಾರೆ, ದೊಡ್ಡ ಮೂಳೆ ಸುಮಾರು 11 ಸೆಂಟಿಮೀಟರ್ ಅಗಲ, ಅದಕ್ಕೇ 11ರಿಂದ 15 ಮೀಟರ್ ಅಂದಿರೋದು ಅಂತ ಸೀನ ಬಿಡಿಸಿ ಹೇಳ್ದ.

"ಆ 4 ಮೀಟರ್ ಗ್ಯಾಪಲ್ಲೇ ಒಂದು ಹೆಬ್ಬಾವು ಆರಾಮಾಗಿ ಮಲ್ಕೊಬಹುದಲ್ಲೋ! ಮಂದರ ಪರ್ವತಕ್ಕೆ ಸುತ್ತೋಕಂತೂ ಇದು ಒಂದು ಗಂಟು ಹಾಕೋಷ್ಟೂ ಸಾಲಲ್ಲ."

ರಘು ಹೇಳಿದ್ರಲ್ಲೂ ಹುರುಳಿದೆ, ಪೇಪರ್‌ನೋರು ಮಾತ್ರ 11 ಬಿಟ್ಟು ಬರೀ 15 ಹಿಡ್ಕೊಂಡ್ರು. ನಾಗನ ಚಿಂತೆನೇ ಬೇರೆ, "ಓಡ್ತಿತ್ತಾ ಅದು?" ಇಲ್ವಂತೆ, ಅನಕೊಂಡಾ ತರ ನಿಧಾನ, ಹೊಂಚು ಹಾಕಿ ಸುತ್ಕೊಳ್ಳೋ ಜಾತಿ. ಆಗ ಅಲ್ಲೆಲ್ಲಾ ಬಿಸಿ ಬಿಸಿ ಜೌಗು, ವರ್ಷದ ಸರಾಸರಿನೇ 28 ಡಿಗ್ರಿ ಹತ್ರ, ಮೈ ಬಿಸಿಗೆ ಹೊರಗಿನ ಶಾಖನೇ ನಂಬ್ಕೊಂಡಿರೋ ಪ್ರಾಣಿಗೆ ಅಷ್ಟು ದೊಡ್ಡದಾಗಿ ಬೆಳೆಯೋಕೆ ಅದೇ ಬೇಕು. ಕೊಲಂಬಿಯಾದ ಇನ್ನೊಂದು ದೈತ್ಯ ಹಾವು ಟೈಟನೋಬೋವಾ, 2009ರಲ್ಲಿ ಹೆಸರಿಟ್ಟಿದ್ದು, ಸುಮಾರು 13 ಮೀಟರ್, ಅದೂ ಕಲ್ಲಿದ್ದಲು ಗಣೀಲೇ ಸಿಕ್ಕಿದ್ದು. ಜೌಗಿನ ಗಿಡಮರ ಮಣ್ಣಡಿ ಸೇರಿ ಇದ್ದಲಾಯ್ತು, ಅಲ್ಲೇ ವಾಸ ಇದ್ದ ಹಾವೂ ಜೊತೆಗೇ ಉಳ್ಕೊಳ್ತು.

"ಇನ್ನೊಂದು ಕೇಳ್ರೋ," ಅಂದ ಸೀನ. ಗುಜರಾತ್‌ದೇ ಇನ್ನೊಂದು ಪಳೆಯುಳಿಕೆ, ಧೋಲಿ ಡುಂಗ್ರಿದು, 6.7 ಕೋಟಿ ವರ್ಷ ಹಳೇದು, ಡೈನೋಸಾರ್ ಮೊಟ್ಟೆ ಪಕ್ಕದಲ್ಲಿ ಮೂಳೆಗಳು. ಎಲ್ಲಾ ಮರಿ ಡೈನೋಸಾರ್‌ದೇ ಅಂದ್ಕೊಂಡಿದ್ರು, ಆಮೇಲೆ ನೋಡಿದ್ರೆ ಅದ್ರಲ್ಲಿ ಹಾವಿಂದೂ ಇದ್ವು! ಮೂರೂವರೆ ಮೀಟರ್ ಉದ್ದದ ಸನಾಜೆ ಅನ್ನೋ ಹಾವು, ಒಡೆದ ಮೊಟ್ಟೆ ಸುತ್ತ ಸುರುಳಿ ಸುತ್ಕೊಂಡು, ಪಕ್ಕದಲ್ಲೇ ಅರ್ಧ ಮೀಟರ್ ಡೈನೋಸಾರ್ ಮರಿ ಇತ್ತು, ಬಾಯಿ ಹಾಕೋದ್ರೊಳಗೆ ಎಲ್ರ ಮೇಲೂ ಮಣ್ಣು ಕುಸೀತು. ಇದು 2010ರಲ್ಲಿ ಲೋಕಕ್ಕೆ ಗೊತ್ತಾಯ್ತು.

"ಅಂದ್ರೆ ಹೊಸ ಪ್ರಾಣಿ ಹುಡುಕೋಕೆ ಗುದ್ದಲಿ ಬೇಡ," ಅಂದ ರಘು, "ಹಳೇ ಬೀರು ಕೀ ಸಾಕು."

ನಾಗ ಎದ್ದು ನಿಂತ. "ಮೊಸಳೆ ಅಂದ್ರೂ ಹಾವು, ಡೈನೋಸಾರ್ ಅಂದ್ರೂ ಹಾವು, ಮ್ಯೂಸಿಯಂ ಕಡೆ ಇನ್ನು ನನ್ನ ಕರೀಬೇಡ್ರಪ್ಪಾ."