ಪದ ಬೇಕು: ಸೆಲ್ಫ್ ಎಕ್ಸ್‌ಪ್ರೆಶನ್ (ಫ್ಲೆಕ್ಸ್‌ಗೆ, ಇವತ್ತು ಸಂಜೆಯೊಳಗೆ)

ಕೊಪ್ಪಳದಿಂದ:
ಕಿನ್ನಾಳ ಊರಿನ ಮರದ ಗೊಂಬೆ ಕೆಲಸದ ಮೇಲೆ ಹೆಣ್ಣುಮಗಳೊಬ್ಬರು ಸಾಕ್ಷ್ಯಚಿತ್ರ ಮಾಡಿದ್ದಾರೆ. ಪ್ರದರ್ಶನದ ಫ್ಲೆಕ್ಸ್‌ಗೆ ಮಜಕೂರು ಕೊಡಬೇಕು. ‘ಕಲೆ ಮತ್ತು ಸ್ವ-ಅಭಿವ್ಯಕ್ತಿ: ಸಾಕ್ಷ್ಯಚಿತ್ರಕಾರರೊಂದಿಗೆ ಮಾತುಕತೆ’ ಸರಿ ಆಗ್ತದೇನ್ರಿ?

ರಾಯಚೂರಿನಿಂದ:
ನಡುವಿನ ಗೆರೆ ತಪ್ಪು. ಸಂಧಿ ಮಾಡಿದರೆ ಸ್ವಾಭಿವ್ಯಕ್ತಿ. ಅವಸರದಲ್ಲಿ ಸ್ವಾಭಿಮಾನ ಅಂತ ಓದಿಕೊಳ್ಳುತ್ತಾರೆ. ಆತ್ಮಾಭಿವ್ಯಕ್ತಿ ಅನ್ನಿ. ಅಭಿ, ವಿ ಉಪಸರ್ಗ. ಧಾತು ಅಂಜ್, ಅಂದರೆ ಬಳಿಯುವುದು, ಲೇಪಿಸುವುದು, ಕಾಣುವಂತೆ ಮಾಡುವುದು. ಕಣ್ಣಿಗೆ ಹಚ್ಚುವ ಅಂಜನ, ಎಲೆಗೆ ಬಡಿಸುವ ವ್ಯಂಜನ ಎರಡೂ ಇದರವೇ. ಗೊಂಬೆಗೆ ಬಣ್ಣ ಬಳಿಯುವವರಿಗೆ ಇದಕ್ಕಿಂತ ಹೊಂದುವ ಪದ ಇಲ್ಲ.

ಬಳ್ಳಾರಿಯಿಂದ:
ಫ್ಲೆಕ್ಸ್ ಓದುವವರಿಗೆ ಧಾತು ಯಾಕೆ? ಐದಕ್ಷರದಲ್ಲಿ ಮೂರು ಒತ್ತು, ದೂರದಿಂದ ಕಲೆಸಿಹೋಗುತ್ತವೆ. ‘ಬಣ್ಣದ ತೋರ್ಪು’ ಅನ್ನಿ. ಸಂಸ್ಕೃತದ ಸಾಲ ಸಾಕು.

ರಾಯಚೂರಿನಿಂದ:
ಬಣ್ಣವೇ ವರ್ಣದ ತದ್ಭವ. ತೋರ್ಪು ಅಂದರೆ ಜನರಿಗೆ ತೋರ್ಪಡಿಕೆ ನೆನಪಾಗುತ್ತದೆ, ಅದು ಆಡಂಬರ. ಬೇಡ.

ಗಂಗಾವತಿಯಿಂದ:
ದೊಡ್ಡ ತಪ್ಪು ಇಬ್ಬರಿಗೂ ಕಾಣಲಿಲ್ಲ. ಕಿನ್ನಾಳದಲ್ಲಿ ಚಿತ್ರಗಾರ ಅಂದರೆ ಗೊಂಬೆ ಮಾಡುವ ಮನೆತನದವರು. ಸಾಕ್ಷ್ಯಚಿತ್ರಕಾರ ಅಂತ ಹಾಕಿದರೆ ಅವರದೇ ಮಾತುಕತೆ ಅಂದುಕೊಳ್ಳುತ್ತಾರೆ. ‘ಸಾಕ್ಷ್ಯಚಿತ್ರ ನಿರ್ದೇಶಕಿ’ ಅಂತ ಬಿಡಿಸಿ ಬರೀರಿ.

ಇನ್ನು ಬಳಿಯುವ ಮಾತು. ಬಣ್ಣ ಕಡೇ ಹಂತ. ಹಗುರ ಮರದ ತುಂಡು ಜೋಡಿಸಿದ ಮೇಲೆ ಮೈಗೆಲ್ಲ ಕಿಟ್ಟ ಮೆತ್ತುತ್ತಾರೆ: ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕೂಡಿಸಿ ಕಲಸಿದ್ದು. ಮೇಲೆ ಅರಿವೆ ತುಣುಕು, ಅದರ ಮೇಲೆ ಕಲ್ಲುಪುಡಿಯ ಲೇಪ. ಒಡವೆ ಉಬ್ಬಿ ನಿಲ್ಲುವುದೂ ಕಲ್ಲುಪುಡಿಗೆ ಅಂಟು ಸೇರಿಸಿದ್ದರಿಂದಲೇ. ಕಿಟ್ಟ ಒಳಗೆ ಹಸಿ ಉಳಿದರೆ ಬಣ್ಣ ಹಕ್ಕಳೆ ಏಳುತ್ತದೆ. ನಿಘಂಟಿನಲ್ಲಿ ಕಿಟ್ಟ ಅಂದರೆ ಲೋಹದ ಕಲ್ಮಶ. ಕಿನ್ನಾಳದಲ್ಲಿ ಗೊಂಬೆಯ ಮೈ. ಪದ ಯಾವ ಭಾಷೆಯದು ಅಂತ ಅಲ್ಲಿ ಯಾರೂ ಕೇಳಿಲ್ಲ, ಕೆಲಸಕ್ಕೆ ಹಚ್ಚಿ ಅರ್ಥ ಕೊಟ್ಟಿದ್ದಾರೆ. ಫ್ಲೆಕ್ಸ್‌ಗೆ ‘ಗೊಂಬೆಯಲ್ಲಿ ತನ್ನ ಮಾತು’ ಹಾಕ್ರಿ. ಆತ್ಮಾಭಿವ್ಯಕ್ತಿ ಕರಪತ್ರದ ಒಳಗೆ ಇರಲಿ, ಅಲ್ಲಿ ಓದಲು ಪುರುಸೊತ್ತು ಇರುತ್ತದೆ.

ಬಳ್ಳಾರಿಯಿಂದ:
ಇದಕ್ಕೆ ನನ್ನ ಒಪ್ಪಿಗೆ ಇದೆ. ಕರಪತ್ರದಲ್ಲೂ ಆತ್ಮ ಬೇಡ.

ರಾಯಚೂರಿನಿಂದ:
ಚಿತ್ರಗಾರರು ಹಲವರು. ‘ತಮ್ಮ ಮಾತು’ ಆಗಬೇಕು.

ಗಂಗಾವತಿಯಿಂದ:
ಫ್ಲೆಕ್ಸ್ ಮೇಲೆ ‘ತಮ್ಮ’ ಅಂದರೆ ಓದುವವರನ್ನೇ ಕರೆದಂಗ ಆಗ್ತದ. ‘ತನ್ನ’ ಇರಲಿ.

ಕೊಪ್ಪಳದಿಂದ:
‘ತನ್ನ’ ಕೊಟ್ಟೆ. ನಿರ್ದೇಶಕಿ ಅಂತಲೂ ತಿದ್ದಿಸಿದೆ.